ಗಾಯ ಅಂಟಿಸಲು ಯಾವುದು ಒಳ್ಳೆಯದು: ಗಮ್ಮಾ, ಪಟ್ಟಿಯಾ, ಫೈಬ್ರಿನ್ನಾ, ಸಿಲಿಕೋನಾ?

ಮಲ್ಪೆ ಧಕ್ಕೆ:
ಎಲ್ಲರಿಗೂ ನಮಸ್ಕಾರ. ಜುಲೈ 31ಕ್ಕೆ ಮೀನುಗಾರಿಕೆ ನಿಷೇಧ ಮುಗಿಯುತ್ತದೆ. ಬೋಟ್ ಇಳಿಸುವ ಮೊದಲು ಫಸ್ಟ್ ಏಯ್ಡ್ ಪೆಟ್ಟಿಗೆ ಹೊಸದಾಗಿ ತುಂಬಿಸಬೇಕು. ಆ ಕೆಲಸ ಈ ಸಲ ನನ್ನ ಪಾಲಿಗೆ ಬಂದಿದೆ. ಆಳಸಮುದ್ರಕ್ಕೆ ಹೋದ ಬೋಟ್ ವಾರ, ಹತ್ತು ದಿನ ದಡಕ್ಕೆ ಬರುವುದಿಲ್ಲ. ಅಷ್ಟರಲ್ಲಿ ಯಾರಿಗಾದರೂ ಏನಾದರೂ ತಾಗಿಯೇ ತಾಗುತ್ತದೆ. ರೋಪ್ ಎಳೆಯುವಾಗ ಚರ್ಮ ಕಿತ್ತು ಬರುತ್ತದೆ. ಬಲೆ ರಿಪೇರಿಯ ಚೂರಿ ಜಾರುತ್ತದೆ. ಮೀನಿನ ಮುಳ್ಳು ಚುಚ್ಚುತ್ತದೆ. ಬಟ್ಟೆಯ ಪ್ಲಾಸ್ಟರ್ ಹಾಕಿದರೆ ಉಪ್ಪುನೀರಿಗೆ ಅರ್ಧ ಗಂಟೆಯೂ ನಿಲ್ಲುವುದಿಲ್ಲ.

ಮೆಡಿಕಲ್‌ನಲ್ಲಿ ಕೇಳಿದರೆ ಒಬ್ಬರು ಗಾಯದ ಗಮ್ ಅಂತಾರೆ. ಇನ್ನೊಬ್ಬರು ಸ್ಟೆರಿ ಸ್ಟ್ರಿಪ್ ಅಂತಾರೆ. ಮತ್ತೊಬ್ಬರು ಹೈಡ್ರೋಕೊಲಾಯ್ಡ್ ಅಂತ ದಪ್ಪ ಪಟ್ಟಿಯೊಂದನ್ನು ತೋರಿಸಿದರು. ಯಾವುದು ಯಾವ ಗಾಯಕ್ಕೆ ಅಂತ ಬಿಡಿಸಿ ಹೇಳುವವರು ಸಿಗಲಿಲ್ಲ. ಗೊತ್ತಿದ್ದವರು ದಯವಿಟ್ಟು ಬರೆಯಿರಿ. ಬೋಟಿನಲ್ಲಿ ದುಡಿಯುವ ಕಲಾಸಿಗಳ ಕೈ ಉಳಿದರೆ ಅವರ ಮನೆಯ ಒಲೆ ಉರಿಯುತ್ತದೆ. ಹಾಗಾಗಿ ಸುಮ್ನೆ ಏನೋ ಒಂದು ತಂದಿಡಲು ಮನಸ್ಸಿಲ್ಲ.

ಕಾಪು ಕಡಲು:
ಅಣ್ಣ, ಜಾಸ್ತಿ ತಲೆಬಿಸಿ ಬೇಡ. ಅಂಗಡಿಯಲ್ಲಿ ಸಿಗುವ ಕ್ವಿಕ್ ಗಮ್ ನಾಲ್ಕು ಟ್ಯೂಬ್ ಇಟ್ಟುಬಿಡಿ. ನಮ್ಮ ಬೋಟ್ ನಡೆಸುವ ತಾಂಡೇಲರು ಹಾಕುವುದು ಅದನ್ನೇ. ಒತ್ತಿ ಹಿಡಿದರೆ ಆಯ್ತು, ರಕ್ತ ನಿಲ್ಲುತ್ತದೆ, ನೀರು ಹೋಗುವುದಿಲ್ಲ. ಆಸ್ಪತ್ರೆಯಲ್ಲಿ ಹಾಕುವ ಗಮ್ ಕೂಡ ಅದೇ ಜಾತಿಯದ್ದು ಅಲ್ವಾ?

ಕ್ಯಾಶುವಾಲ್ಟಿ ಸಿಸ್ಟರ್:
ಜಾತಿ ಒಂದೇ, ಗುಣ ಬೇರೆ. ನಾನು ಉಡುಪಿಯ ಒಂದು ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ಕೆಲಸ ಮಾಡುತ್ತೇನೆ. ಅಂಗಡಿಯ ಗಮ್ ಹಾಕಿಕೊಂಡು ಬರುವವರನ್ನು ನೋಡುತ್ತಲೇ ಇರುತ್ತೇವೆ. ಮೇಲಿನಿಂದ ಗಾಯ ಮುಚ್ಚಿದ ಹಾಗೆ ಕಾಣುತ್ತದೆ. ಒಳಗೆ ಮಣ್ಣು, ಮೀನಿನ ಸಿಪ್ಪೆ, ಹಳೆಯ ರಕ್ತ ಎಲ್ಲ ಹಾಗೇ ಉಳಿದಿರುತ್ತದೆ. ಎರಡು ಮೂರು ದಿನಕ್ಕೆ ಬೆರಳು ಊದಿ, ಕೆಂಪಾಗಿ, ಕೀವು ತುಂಬಿ ಬರುತ್ತದೆ. ಆಮೇಲೆ ಆ ಗಮ್ ಬಿಡಿಸಿ, ಗಾಯ ತೆರೆದು ತೊಳೆಯುವಾಗ ಅವರಿಗೆ ಆಗುವ ನೋವು ನೋಡಲಿಕ್ಕಾಗುವುದಿಲ್ಲ ಮಾರಾಯ್ರೆ.

ಮಲ್ಪೆಯ ಅಣ್ಣ ಕೇಳಿದ್ದಕ್ಕೆ ನೇರವಾಗಿ ಬರುತ್ತೇನೆ. ಯಾವ ಅಂಟು ಗಟ್ಟಿ ಅಂತ ಮೊದಲು ನೋಡಬೇಡಿ. ಗಾಯ ಯಾವ ಥರದ್ದು ಅಂತ ಮೊದಲು ನೋಡಿ. ಚೂರಿಯಿಂದ ನೇರವಾಗಿ ಕೊಯ್ದುಕೊಂಡದ್ದಾ? ಅಂಚುಗಳು ಎಳೆಯದೆ ತಾವಾಗಿ ಹತ್ತಿರ ಬರುತ್ತವಾ? ರಕ್ತ ನಿಂತಿದೆಯಾ? ಒಳಗೆ ಕೊಳೆ ಇಲ್ಲವಾ? ಈ ನಾಲ್ಕಕ್ಕೂ ಹೌದು ಅಂತಾದರೆ ಮಾತ್ರ ಅಂಟಿಸುವ ಮಾತು. ಒಂದಕ್ಕೆ ಇಲ್ಲ ಅಂತಾದರೂ ತೊಳೆದು, ಮುಚ್ಚಿ, ದಡಕ್ಕೆ ಕರೆತನ್ನಿ. ಕೊಳೆಯಾದ ಗಾಯವನ್ನು ಡಾಕ್ಟರುಗಳೂ ಕೆಲವು ಸಲ ಬೇಕಂತಲೇ ತೆರೆದಿಡುತ್ತಾರೆ. ಮೂರರಿಂದ ಐದು ದಿನ ಡ್ರೆಸ್ಸಿಂಗ್ ಮಾಡಿ, ಶುದ್ಧವಾದ ಮೇಲೆ ಹೊಲಿಯುತ್ತಾರೆ. ಮುಚ್ಚದೆ ಇಡುವುದೂ ಚಿಕಿತ್ಸೆಯೇ.

ಕಾಪು ಕಡಲು:
ಸಿಸ್ಟರ್, ನಿಮ್ಮ ಮಾತು ತೆಗೆದುಹಾಕುವುದಲ್ಲ. ಆದರೆ ಯುದ್ಧದಲ್ಲಿ ಸೈನಿಕರಿಗೇ ಈ ಗಮ್ ಹೊಡೆದಿದ್ದಾರೆ ಅಂತ ಓದಿದ್ದೇನೆ. ಅವರಿಗೆ ಆಗುವುದು ನಮಗೆ ಯಾಕೆ ಆಗುವುದಿಲ್ಲ?

ಸುರತ್ಕಲ್ ಮೇಷ್ಟ್ರು:
ಕಾಪುವಿನ ಅಣ್ಣ ಓದಿದ್ದು ನಿಜ. ನಾನು ಕೆಮಿಸ್ಟ್ರಿ ಪಾಠ ಮಾಡುವವನು. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಸರ ಮಾಡಬೇಡಿ.

ಈ ಗಮ್ಮಿನ ಹೆಸರು ಸಯನೋಅಕ್ರಿಲೇಟ್. 1942ರಲ್ಲಿ ಅಮೆರಿಕದ ಈಸ್ಟ್‌ಮನ್ ಕೊಡಾಕ್ ಕಂಪನಿಯಲ್ಲಿ ಹ್ಯಾರಿ ಕೂವರ್ ಮತ್ತು ಜೊತೆಯವರು ಬಂದೂಕಿನ ಗುರಿಗಾಜಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದಾಗ ಇದು ಕೈಗೆ ಬಂತು. ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆ ಅಂತ ಪಕ್ಕಕ್ಕೆ ಇಟ್ಟರು. 1951ರಲ್ಲಿ ಮತ್ತೆ ಕೈಗೆತ್ತಿಕೊಂಡರು. 1958ರಲ್ಲಿ ಅಂಟು ಅಂತ ಮಾರಾಟಕ್ಕೆ ಬಂತು. ವಿಯೆಟ್ನಾಂ ಯುದ್ಧದಲ್ಲಿ ರಕ್ತ ನಿಲ್ಲಿಸಲು ಗಾಯಕ್ಕೆ ಸ್ಪ್ರೇ ಮಾಡಿದ್ದೂ ಹೌದು. ಆದರೆ ಅಲ್ಲಿ ಲೆಕ್ಕ ಬೇರೆ. ಆಪರೇಷನ್ ಟೇಬಲ್ ತಲುಪುವ ತನಕ ಜೀವ ಹಿಡಿದಿಡುವುದು ಉದ್ದೇಶ. ಚರ್ಮ ಚೆನ್ನಾಗಿ ಕೂಡಿಕೊಳ್ಳಲಿ ಎಂಬುದು ಆ ಹೊತ್ತಿನ ಚಿಂತೆಯಲ್ಲ.

ಈಗ ಗುಣದ ವ್ಯತ್ಯಾಸಕ್ಕೆ ಬರೋಣ. ಈ ಕುಟುಂಬದ ಎಲ್ಲ ಅಣುಗಳಿಗೂ ತಲೆ ಒಂದೇ, ಬಾಲ ಬೇರೆ ಬೇರೆ ಉದ್ದ. ಮೀಥೈಲ್‌ಗೆ ಒಂದು ಕಾರ್ಬನ್, ಈಥೈಲ್‌ಗೆ ಎರಡು, ಬ್ಯುಟೈಲ್‌ಗೆ ನಾಲ್ಕು, ಆಕ್ಟೈಲ್‌ಗೆ ಎಂಟು. ಅಂಗಡಿಯಲ್ಲಿ ಸಿಗುವುದು ಸಾಮಾನ್ಯವಾಗಿ ಈಥೈಲ್. ಆಸ್ಪತ್ರೆಯದ್ದು ಬ್ಯುಟೈಲ್ ಅಥವಾ ಆಕ್ಟೈಲ್. ಬಾಲ ಗಿಡ್ಡ ಇದ್ದಷ್ಟು ಗಟ್ಟಿಯಾಗುವಾಗ ಜಾಸ್ತಿ ಬಿಸಿ ಬರುತ್ತದೆ, ದೇಹದಲ್ಲಿ ಬೇಗ ಒಡೆಯುತ್ತದೆ. ಒಡೆದಾಗ ಹೊರಗೆ ಬರುವುದು ಫಾರ್ಮಾಲ್ಡಿಹೈಡ್ ಮತ್ತು ಸಯನೋಅಸಿಟೇಟ್. ಫಾರ್ಮಾಲ್ಡಿಹೈಡ್ ಅಂದರೆ ಲ್ಯಾಬಿನಲ್ಲಿ ಸತ್ತ ಪ್ರಾಣಿಗಳನ್ನು ಇಡುವ ಫಾರ್ಮಲಿನ್ನಿನ ಮೂಲ. ತೆರೆದ ಮಾಂಸಕ್ಕೆ ಅದು ವಿಷ. ಉದ್ದ ಬಾಲದ್ದು ನಿಧಾನಕ್ಕೆ ಒಡೆಯುತ್ತದೆ. ಅಷ್ಟರೊಳಗೆ ಸತ್ತ ಚರ್ಮದ ಜೊತೆ ಪೊರೆ ಕಳಚಿ ಬಿದ್ದಿರುತ್ತದೆ. ಆಕ್ಟೈಲ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1998ರಲ್ಲಿ. ಯುರೋಪು, ಕೆನಡಾಗಳಲ್ಲಿ ಬ್ಯುಟೈಲ್ ಅದಕ್ಕಿಂತ ಮೊದಲೇ ಬಳಕೆಯಲ್ಲಿತ್ತು.

ಇನ್ನೊಂದು ಮಾತು. ಅಂಗಡಿಯ ಗಮ್ ಚೆಲ್ಲಿದರೆ ಹತ್ತಿಯಿಂದ ಒರೆಸಬೇಡಿ. ಹತ್ತಿಯ ನಾರಿಗೆ ತಾಗಿದರೆ ಅದು ಒಮ್ಮೆಲೇ ಗಟ್ಟಿಯಾಗಿ ಸುಡುವಷ್ಟು ಬಿಸಿಯಾಗುತ್ತದೆ. ಹತ್ತಿ ಬಟ್ಟೆಯ ಮೇಲೆ ಗಮ್ ಬಿದ್ದು ತೊಡೆ ಸುಟ್ಟುಕೊಂಡವರಿದ್ದಾರೆ.

ಕದ್ರಿ ಗುಡ್ಡೆ:
ಮೇಷ್ಟ್ರೇ, ತುಂಬಾ ಉಪಕಾರ ಆಯ್ತು. ನಮ್ಮ ಮಗಳು ಸ್ಕೂಲಿನ ಮೆಟ್ಟಿಲಲ್ಲಿ ಬಿದ್ದು ಹುಬ್ಬಿನ ಮೇಲೆ ಸೀಳಿತ್ತು. ಮಂಗಳೂರಿನ ಆಸ್ಪತ್ರೆಯಲ್ಲಿ ಗಮ್ ಹಾಕಿದರು. ಇಂಜೆಕ್ಷನ್ ಇಲ್ಲ, ಸೂಜಿ ಇಲ್ಲ, ಮಗು ಅಳಲೂ ಇಲ್ಲ. ಮೊದಲು ಅವಳನ್ನು ಮಲಗಿಸಿ, ತಲೆ ಓರೆ ಮಾಡಿ, ಕಣ್ಣಿನ ಸುತ್ತ ವ್ಯಾಸಲೀನ್ ಬಳಿದು ಒದ್ದೆ ಗಾಜ್ ಬಟ್ಟೆ ಇಟ್ಟರು. ಡಾಕ್ಟರಮ್ಮ ಎರಡು ಬೆರಳಲ್ಲಿ ಅಂಚು ಸೇರಿಸಿ ಹಿಡಿದರು. ನೇರಳೆ ಬಣ್ಣದ ಗಮ್ ಮೇಲಿನಿಂದ ತೆಳ್ಳಗೆ ಎಳೆದರು, ಸ್ವಲ್ಪ ಬಿಟ್ಟು ಮತ್ತೊಂದು ಸಲ ಎಳೆದರು. ಆಮೇಲೂ ಒಂದು ನಿಮಿಷ ಕೈ ಬಿಡಲಿಲ್ಲ. ಮನೆಗೆ ಬಂದ ಮೇಲೆ ಅತ್ತೆ ಗಾಯಕ್ಕೆ ತೆಂಗಿನೆಣ್ಣೆ ಹಚ್ಚು ಅಂದರು. ಹಚ್ಚಬಹುದಾ? ಯಾವಾಗ ಸ್ನಾನ ಮಾಡಿಸಬಹುದು?

ಕ್ಯಾಶುವಾಲ್ಟಿ ಸಿಸ್ಟರ್:
ಗಮ್ ಇರುವಷ್ಟು ದಿನ ಎಣ್ಣೆ, ಮುಲಾಮು, ವ್ಯಾಸಲೀನ್ ಯಾವುದೂ ಬೇಡ ಅಕ್ಕ. ಜಿಡ್ಡು ತಾಗಿದರೆ ಪೊರೆ ಮೆತ್ತಗಾಗಿ ಬೇಗ ಬಿಡುತ್ತದೆ. ನಿಮ್ಮ ಡಾಕ್ಟರು ಕಣ್ಣಿನ ಸುತ್ತ ವ್ಯಾಸಲೀನ್ ಬಳಿದದ್ದೂ ಅದಕ್ಕೇ, ಗಮ್ ಹರಿದು ಹೋದರೆ ಅಲ್ಲಿ ಹಿಡಿಯಬಾರದು ಅಂತ. ಮೇಲಿನಿಂದ ನೀರು ಹೊಯ್ದು ಬೇಗ ಸ್ನಾನ ಮುಗಿಸಿ, ಬಟ್ಟೆಯಿಂದ ಮೆಲ್ಲ ಒತ್ತಿ ಒರೆಸಿದರೆ ತೊಂದರೆಯಿಲ್ಲ. ಉಜ್ಜಬಾರದು. ಕೆರೆ, ಈಜುಕೊಳ, ಸಮುದ್ರ ಸದ್ಯಕ್ಕೆ ಬೇಡ. ಐದರಿಂದ ಹತ್ತು ದಿನದಲ್ಲಿ ಪೊರೆ ತಾನಾಗಿ ಉದುರುತ್ತದೆ. ಮಗು ಅದನ್ನು ಕೆರೆದು ತೆಗೆಯದ ಹಾಗೆ ನೋಡಿಕೊಳ್ಳಿ. ಉದುರಿದ ಮೇಲೆ ಎಣ್ಣೆ ಹಚ್ಚಬಹುದು. ಹೊಸ ಚರ್ಮಕ್ಕೆ ಕೆಲವು ತಿಂಗಳು ನೇರ ಬಿಸಿಲು ತಾಗಿಸಬೇಡಿ, ಕಲೆ ಕಪ್ಪಾಗುತ್ತದೆ.

ನೀವು ನೋಡಿದ ಒಂದು ವಿಷಯವನ್ನು ಎಲ್ಲರೂ ಗಮನಿಸಬೇಕು. ಗಮ್ ಗಾಯದ ಮೇಲಿನಿಂದ ಹಾಕಿದರು, ಒಳಗೆ ಬಿಡಲಿಲ್ಲ. ಬೋಟಿನಲ್ಲಿ ಹಾಕುವವರು ಗಾಯದ ಬಾಯಿಗೇ ಸುರಿಯುತ್ತಾರೆ. ಆಸ್ಪತ್ರೆಯ ಗಮ್ಮೇ ಆದರೂ ಹಾಗೆ ಸುರಿದರೆ ಎರಡು ಅಂಚಿನ ನಡುವೆ ಗೋಡೆ ಎದ್ದ ಹಾಗೆ. ಚರ್ಮ ಕೂಡಿಕೊಳ್ಳಬೇಕಾದ ಜಾಗದಲ್ಲಿ ಪ್ಲಾಸ್ಟಿಕ್ ಕೂತಿರುತ್ತದೆ.

ಪಡುಬಿದ್ರಿ:
ಹಾಗಾದರೆ ಹೊಲಿಗೆ ಹೋಯ್ತು, ಗಮ್ ಬಂತು ಅಂತಲೇ ತಿಳಿಯಬಹುದಾ? ನನಗೆ ಸೂಜಿ ಅಂದರೆ ಹೆದರಿಕೆ.

ಕ್ಯಾಶುವಾಲ್ಟಿ ಸಿಸ್ಟರ್:
ಇಲ್ಲ. ಎರಡನ್ನೂ ಹೋಲಿಸಿದ ಅಧ್ಯಯನಗಳು ಬೇಕಾದಷ್ಟಿವೆ. ಚಿಕ್ಕ, ನೇರ ಗಾಯಗಳಲ್ಲಿ ಕೊನೆಗೆ ಉಳಿಯುವ ಕಲೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣುವುದಿಲ್ಲ. ಗಮ್ಮಿನಲ್ಲಿ ನೋವು ಕಡಿಮೆ, ಸಮಯ ಕಡಿಮೆ, ದಾರ ತೆಗೆಸಲು ಮತ್ತೆ ಬರಬೇಕಾಗಿಲ್ಲ. ಆದರೆ ಗಾಯ ಬಿಟ್ಟುಕೊಳ್ಳುವ ಸಂಭವ ಹೊಲಿಗೆಗಿಂತ ಸ್ವಲ್ಪ ಜಾಸ್ತಿ.

ಯಾಕೆ ಅಂತ ಹೇಳುತ್ತೇನೆ. ಒಂದು ವಾರಕ್ಕೆ ಗಾಯದ ಚರ್ಮಕ್ಕೆ ಬರುವ ಬಲ ಮೊದಲಿನ ಶೇಕಡಾ 10ರ ಆಸುಪಾಸು ಮಾತ್ರ. ಮೂರು ತಿಂಗಳಿಗೆ ಶೇಕಡಾ 80ರ ಹತ್ತಿರ ಬಂದು ನಿಲ್ಲುತ್ತದೆ. ಮೊದಲಿನಷ್ಟು ಯಾವತ್ತೂ ಆಗುವುದಿಲ್ಲ. ಗಮ್ ಉದುರುವ ಹೊತ್ತಿಗೆ ಗಾಯ ಇನ್ನೂ ಎಳೆಯದು. ಮುಖದಲ್ಲಿ ಎಳೆತ ಕಡಿಮೆ, ರಕ್ತ ಓಡಾಟ ಚೆನ್ನಾಗಿರುತ್ತದೆ, ಹಾಗಾಗಿ ನಡೆಯುತ್ತದೆ. ಮುಖದ ಹೊಲಿಗೆಯನ್ನೂ ಐದು ದಿನದ ಹೊತ್ತಿಗೆ ಬಿಚ್ಚುತ್ತಾರಲ್ಲ. ಮೊಣಕಾಲು, ಬೆರಳಿನ ಗಂಟು ದಿನಕ್ಕೆ ಎಷ್ಟು ಸಲ ಮಡಚುತ್ತದೆ? ಅಲ್ಲಿ ಹೊಲಿಗೆಯೇ ಬೇಕು, ಅದೂ ಹತ್ತು, ಹದಿನಾಲ್ಕು ದಿನ ಇರಬೇಕು. ತುಟಿಯ ಒಳಗೆ, ಬಾಯಿಯಲ್ಲಿ ಗಮ್ ಆಗದು. ನಾಯಿ, ಬೆಕ್ಕು ಕಚ್ಚಿದ್ದಕ್ಕಂತೂ ಗಮ್ ಹಾಕಲೇಬಾರದು. ಸೋಪು ನೀರಲ್ಲಿ ಹದಿನೈದು ನಿಮಿಷ ತೊಳೆದು ರೇಬಿಸ್ ಲಸಿಕೆಗೆ ಓಡಬೇಕು.

ಸೂಜಿಯ ಹೆದರಿಕೆ ಇರುವವರು ಅದನ್ನು ಡಾಕ್ಟರ ಹತ್ತಿರ ಮೊದಲೇ ಹೇಳಿ. ಮರಗಟ್ಟಿಸುವ ಮದ್ದನ್ನು ನಿಧಾನಕ್ಕೆ ಕೊಟ್ಟರೆ ಅಷ್ಟು ಗೊತ್ತಾಗುವುದಿಲ್ಲ.

ಮಲ್ಪೆ ಧಕ್ಕೆ:
ಸಿಸ್ಟರ್, ಸ್ಟೆರಿ ಸ್ಟ್ರಿಪ್ ಬಗ್ಗೆಯೂ ಹೇಳಿ. ನೋಡಲು ಸಾದಾ ಪೇಪರ್ ಟೇಪ್ ಥರ ಇತ್ತು. ಅದು ಬೋಟಿನಲ್ಲಿ ನಿಲ್ಲುತ್ತದಾ?

ಕ್ಯಾಶುವಾಲ್ಟಿ ಸಿಸ್ಟರ್:
ಸಾದಾ ಟೇಪ್ ಅಲ್ಲ, ಒಳಗೆ ನಾರಿನ ಎಳೆ ಇರುತ್ತದೆ. ಎಳೆದರೆ ಹಿಗ್ಗುವುದಿಲ್ಲ. ನನ್ನನ್ನು ಕೇಳಿದರೆ ನಿಮ್ಮ ಪೆಟ್ಟಿಗೆಗೆ ಎಲ್ಲಕ್ಕಿಂತ ಮೊದಲು ಇದನ್ನೇ ತೆಗೆದುಕೊಳ್ಳಿ. ಕಡಿಮೆ ಬೆಲೆ, ಮತ್ತು ಹಾಕಿದ್ದು ಸರಿಯಾಗಲಿಲ್ಲ ಅಂದರೆ ಬಿಚ್ಚಿ ಮತ್ತೆ ಹಾಕಬಹುದು. ಗಮ್ಮಿನಲ್ಲಿ ಆ ಅವಕಾಶ ಇಲ್ಲ.

ಹಾಕುವ ಕ್ರಮ ಹೀಗೆ. ಗಾಯದ ನಡುವಿನಿಂದ ಶುರು ಮಾಡಿ. ಪಟ್ಟಿಯ ಅರ್ಧ ಒಂದು ಬದಿಗೆ ಅಂಟಿಸಿ, ಬೆರಳಿನಿಂದ ಆಚೆ ಬದಿಯ ಚರ್ಮ ಹತ್ತಿರ ತಂದು ಉಳಿದ ಅರ್ಧ ಒತ್ತಿ. ಪಟ್ಟಿಯನ್ನೇ ಎಳೆದು ಚರ್ಮ ತರಬೇಡಿ. ಹಾಗೆ ಎಳೆದರೆ ತುದಿಯಲ್ಲಿ ಚರ್ಮ ಉಜ್ಜಿ ಗುಳ್ಳೆ ಏಳುತ್ತದೆ. ಪಟ್ಟಿ ಪಟ್ಟಿಯ ನಡುವೆ ಸ್ವಲ್ಪ ಜಾಗ ಬಿಡಿ, ಒಸರು ಹೊರಗೆ ಬರಲಿ. ಬೆರಳಿನ ಸುತ್ತ ಪೂರ್ತಿ ಉಂಗುರದ ಹಾಗೆ ಸುತ್ತಬೇಡಿ, ಊದಿದರೆ ರಕ್ತ ಓಡಾಟ ನಿಲ್ಲುತ್ತದೆ.

ನಿಲ್ಲುತ್ತದಾ ಅಂದರೆ, ಒಣ ಚರ್ಮದಲ್ಲಿ ನಿಲ್ಲುತ್ತದೆ, ಬೆವರಿದ ಚರ್ಮದಲ್ಲಿ ನಿಲ್ಲುವುದಿಲ್ಲ. ನಮ್ಮ ಕರಾವಳಿಯ ಸೆಕೆಗೆ ಒಂದು ಉಪಾಯ ಉಂಟು. ಮೆಡಿಕಲ್‌ನಲ್ಲಿ ಟಿಂಕ್ಚರ್ ಬೆಂಜೊಯಿನ್ ಸಿಗುತ್ತದೆ. ಗಾಯದ ಎರಡೂ ಬದಿಯ ಒಳ್ಳೆಯ ಚರ್ಮಕ್ಕೆ ತೆಳ್ಳಗೆ ಹಚ್ಚಿ, ಅದು ಜಿಗುಟಾಗುವ ತನಕ ಕಾದು ಪಟ್ಟಿ ಹಾಕಿ. ಹಿಡಿತ ತುಂಬಾ ಹೆಚ್ಚುತ್ತದೆ. ಗಾಯದೊಳಗೆ ಮಾತ್ರ ಒಂದು ಹನಿಯೂ ಹೋಗಬಾರದು, ವಿಪರೀತ ಉರಿ.

ಬಂದರು ಮಾರ್ಕೆಟ್:
ನನ್ನ ಅಮ್ಮ ಮೀನು ಮಾರುವವರು. ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಐಸ್ ನೀರಿನಲ್ಲೇ ಕೈ. ಬಂಗುಡೆ ಕೊಯ್ಯುವಾಗ ಬೆರಳು ಕೊಯ್ದುಕೊಳ್ಳುವುದು ಹೊಸತೇನಲ್ಲ. ಎಂತ ಅಂಟಿಸಿದರೂ ನಿಲ್ಲುವುದಿಲ್ಲ. ಕೆಲಸ ಬಿಟ್ಟು ಕೂರಲು ಆಗುವುದಿಲ್ಲ. ಅಂಥವರಿಗೆ ಯಾವುದು?

ಕ್ಯಾಶುವಾಲ್ಟಿ ಸಿಸ್ಟರ್:
ತಮ್ಮ, ಇದಕ್ಕೆ ಸಿಹಿ ಉತ್ತರ ಇಲ್ಲ. ದಿನವಿಡೀ ಒದ್ದೆ ಇರುವ ಕೈಗೆ ಗಮ್ ಬೇಗ ಬಿಡುತ್ತದೆ, ಪಟ್ಟಿ ಇನ್ನೂ ಬೇಗ. ನೆನೆದ ಚರ್ಮ ಬಿಳಿಚಿ ಮೆತ್ತಗಾಗಿರುತ್ತದೆ. ಅಂಟು ಹಿಡಿದರೂ ಆ ಮೇಲ್ಪದರವೇ ಎದ್ದು ಬರುತ್ತದೆ. ಚಿಕ್ಕ ಗಾಯವಾದರೆ ಮಾರ್ಕೆಟಿಗೆ ಹೋಗುವ ಮೊದಲು, ಕೈ ಪೂರ್ತಿ ಒಣಗಿದ ಮೇಲೆ ಹೈಡ್ರೋಕೊಲಾಯ್ಡ್ ಪಟ್ಟಿ ಹಾಕಿ. ಅಂಗೈಯಲ್ಲಿ ಒಂದು ನಿಮಿಷ ಹಿಡಿದು ಬೆಚ್ಚಗೆ ಮಾಡಿ ಅಂಟಿಸಿದರೆ ಚೆನ್ನಾಗಿ ಕೂರುತ್ತದೆ. ಅದು ಗಾಯದ ಒಸರನ್ನು ಹೀರಿ ಒಳಗೆ ಜೆಲ್ ಆಗುತ್ತದೆ. ಅದರ ಮೇಲೆ ನೈಟ್ರೈಲ್ ಗ್ಲೌಸ್, ಅದರ ಮೇಲೆ ಬೇಕಾದರೆ ದಪ್ಪ ರಬ್ಬರ್ ಗ್ಲೌಸ್. ಒಳಗಿನ ಗ್ಲೌಸ್ ಬೆವರಿದರೆ ಬದಲಿಸಲಿ. ಅಂಟಿಗಿಂತ ಗ್ಲೌಸೇ ಇಲ್ಲಿ ಹೆಚ್ಚು ಕೆಲಸ ಮಾಡುವುದು.

ಅಮ್ಮನಿಗೆ ಶುಗರ್ ಅಥವಾ ಲಿವರ್ ತೊಂದರೆ ಉಂಟಾ? ಇದ್ದರೆ ದಯವಿಟ್ಟು ಇದನ್ನು ಗಟ್ಟಿಯಾಗಿ ಹೇಳಿ. ಬೆಚ್ಚಗಿನ ಸಮುದ್ರದ ನೀರಿನಲ್ಲಿ ವಿಬ್ರಿಯೋ ವಲ್ನಿಫಿಕಸ್ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಚಿಕ್ಕ ಗಾಯದಲ್ಲಿ ಒಳಹೊಕ್ಕರೂ ಒಂದೆರಡು ದಿನದೊಳಗೆ ಕೈಯನ್ನೇ ಕೊಳೆಸಬಲ್ಲದು, ಜೀವಕ್ಕೂ ಕುತ್ತು ತರಬಲ್ಲದು. ಗಾಯದ ಸುತ್ತ ಕೆಂಪು ಬೇಗಬೇಗ ಹರಡಿದರೆ, ನೀಲಿ ನೀರ್ಗುಳ್ಳೆ ಎದ್ದರೆ, ಜ್ವರ ಬಂದರೆ, ಕಾಣುವ ಗಾಯಕ್ಕಿಂತ ನೋವು ಜಾಸ್ತಿ ಅನಿಸಿದರೆ ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಬನ್ನಿ. ಮೀನಿನ ಕೆಲಸ ಮಾಡುವವರು ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಆ ಒಂದು ಮಾತಿನಿಂದ ಕೊಡುವ ಆಂಟಿಬಯಾಟಿಕ್ಕೇ ಬದಲಾಗುತ್ತದೆ. ಮೀನಿನ ಗಾಯವನ್ನು ಗಮ್ಮಿನಿಂದ ಮುಚ್ಚಬೇಡಿ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ.

ಬಂದರು ಮಾರ್ಕೆಟ್:
ಶುಗರ್ ಉಂಟು ಸಿಸ್ಟರ್. ಇವತ್ತೇ ಹೇಳುತ್ತೇನೆ. ಗ್ಲೌಸ್ ನಾನೇ ತರುತ್ತೇನೆ.

ಪುತ್ತೂರು ತೋಟ:
ನಮ್ಮಲ್ಲಿ ಅಡಿಕೆ ತೋಟದಲ್ಲಿ ಕತ್ತಿ ತಾಗಿದರೆ ಕಮ್ಯುನಿಸ್ಟ್ ಗಿಡದ ಎಲೆ ಕಿವುಚಿ ರಸ ಹಿಂಡುವುದು. ಕೆಲವರು ಅಡುಗೆಮನೆಯ ಮೆಟ್ಟುಕತ್ತಿ ತಾಗಿದರೂ ಅದನ್ನೇ ಹುಡುಕಿಕೊಂಡು ಹಿತ್ತಲಿಗೆ ಓಡುತ್ತಾರೆ. ರಕ್ತ ನಿಲ್ಲುವುದಂತೂ ಕಣ್ಣಾರೆ ಕಂಡದ್ದು. ಅದನ್ನು ಯಾರೂ ಹೇಳಲೇ ಇಲ್ಲವಲ್ಲ?

ಸುರತ್ಕಲ್ ಮೇಷ್ಟ್ರು:
ಆ ಸೊಪ್ಪಿನ ವೈಜ್ಞಾನಿಕ ಹೆಸರು ಕ್ರೊಮೊಲೀನಾ ಒಡೊರಾಟಾ. ರಕ್ತ ಹೆಪ್ಪುಗಟ್ಟಲು ಅದರ ಸಾರ ನೆರವಾಗುತ್ತದೆ ಅಂತ ಲ್ಯಾಬಿನಲ್ಲೂ ಕಂಡಿದ್ದಾರೆ. ವಿಯೆಟ್ನಾಂನಲ್ಲಿ ಅದರಿಂದ ಗಾಯದ ಮುಲಾಮೇ ಮಾಡಿದ್ದಾರೆ. ನಮ್ಮ ಹಿರಿಯರು ಕಂಡುಕೊಂಡದ್ದರಲ್ಲಿ ಹುರುಳಿದೆ. ಆದರೆ ಅದು ಅಂಟಲ್ಲ. ರಕ್ತ ನಿಲ್ಲಿಸುವುದು ಒಂದು ಕೆಲಸ, ಅಂಚು ಹಿಡಿದಿಡುವುದು ಬೇರೆ ಕೆಲಸ.

ಕ್ಯಾಶುವಾಲ್ಟಿ ಸಿಸ್ಟರ್:
ಸೊಪ್ಪಿನ ಬಗ್ಗೆ ನನಗೆ ದ್ವೇಷವಿಲ್ಲ. ತೋಟದ ಮಣ್ಣು ಮೆತ್ತಿದ ಕೈಯಲ್ಲಿ ಅದನ್ನು ಕಿವುಚಿ ಗಾಯಕ್ಕೆ ಹಿಂಡುವುದೇ ಭಯ. ಧನುರ್ವಾಯುವಿನ ರೋಗಾಣು ಇರುವುದು ಮಣ್ಣಿನಲ್ಲಿ. ಸ್ವಚ್ಛ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿದರೆ ಸಾಮಾನ್ಯ ಗಾಯದ ರಕ್ತ ನಿಲ್ಲುತ್ತದೆ. ನಿಂತಿತಾ ಅಂತ ನಡುನಡುವೆ ತೆಗೆದು ನೋಡಬಾರದು. ಧನುರ್ವಾಯುವಿನ ಲಸಿಕೆ (ಟಿಟಿ) ಯಾವಾಗ ಹಾಕಿಸಿದ್ದು ಅಂತ ಪ್ರತಿ ಕಲಾಸಿಯ ಹೆಸರಿನ ಮುಂದೆ ಬರೆದಿಡಿ ಮಲ್ಪೆಯ ಅಣ್ಣ. ಯಾವ ಅಂಟಿಗಿಂತಲೂ ಅದು ಮುಖ್ಯ.

ಮೂಡುಬಿದಿರೆ:
ನನ್ನ ಪ್ರಶ್ನೆ ಬೇರೆ. ಅಜ್ಜಿಗೆ ಎಂಬತ್ತು ದಾಟಿದೆ. ಡ್ರಿಪ್ ಹಾಕಿದ ಜಾಗದ ಪ್ಲಾಸ್ಟರ್ ಎಳೆದಾಗ ಅದರ ಜೊತೆ ಚರ್ಮವೂ ಬಂತು. ಕಾಗದಕ್ಕಿಂತ ತೆಳು ಆಗಿದೆ ಅವರ ಕೈ. ಈಗ ಆ ಗಾಯದ ಮೇಲೆ ಮತ್ತೆ ಏನಾದರೂ ಅಂಟಿಸಲು ಧೈರ್ಯ ಬರುತ್ತಿಲ್ಲ.

ಕ್ಯಾಶುವಾಲ್ಟಿ ಸಿಸ್ಟರ್:
ಅಜ್ಜಿಯ ಕೈ ನೆನೆದೇ ಸಂಕಟ ಆಯ್ತು. ಅವರಿಗೆ ಬೇಕಾದದ್ದು ಸಿಲಿಕೋನ್ ಅಂಟಿನ ಡ್ರೆಸ್ಸಿಂಗ್. ಬೆಲೆ ಜಾಸ್ತಿ, ಆದರೆ ಇಂಥ ಚರ್ಮಕ್ಕೆ ಅದು ದುಬಾರಿ ಅಂತ ನಾನು ಹೇಳುವುದಿಲ್ಲ.

ವ್ಯತ್ಯಾಸ ಇಷ್ಟು. ಬಟ್ಟೆಯ ಹಳೆಯ ಪ್ಲಾಸ್ಟರಿನಲ್ಲಿ ರಬ್ಬರು, ರಾಳ, ಝಿಂಕ್ ಆಕ್ಸೈಡ್ ಇರುತ್ತದೆ. ಭಾರೀ ಗಟ್ಟಿ, ಕೆಲವರಿಗೆ ರಾಳದಿಂದ ಅಲರ್ಜಿ. ಈಗಿನ ಹೆಚ್ಚಿನ ಟೇಪುಗಳಲ್ಲಿ ಅಕ್ರಿಲೇಟ್ ಅಂಟು. ಅದು ಮೆಲ್ಲ ಮೆಲ್ಲ ಚರ್ಮದ ಗೆರೆಗಳೊಳಗೆ ಇಳಿಯುತ್ತದೆ. ಹಾಗಾಗಿ ಹಾಕಿದಾಗ ಇದ್ದುದಕ್ಕಿಂತ ಮರುದಿನ ಹಿಡಿತ ಜಾಸ್ತಿ ಇರುತ್ತದೆ. ಸಿಲಿಕೋನ್ ಮೆತ್ತಗಿರುವುದರಿಂದ ಮೊದಲ ಕ್ಷಣದಲ್ಲೇ ಪೂರ್ತಿ ಕೂತುಬಿಡುತ್ತದೆ, ಆಮೇಲೆ ಹಿಡಿತ ಏರುವುದಿಲ್ಲ. ತೆಗೆಯುವಾಗ ಚರ್ಮದ ಕೋಶಗಳನ್ನು ಕಿತ್ತು ತರುವುದೂ ಕಡಿಮೆ. ಎತ್ತಿ ಮತ್ತೆ ಅಂಟಿಸಲೂ ಬರುತ್ತದೆ.

ಎದ್ದು ಬಂದ ಚರ್ಮದ ಚೂರು ಇನ್ನೂ ಅಂಟಿಕೊಂಡಿದ್ದರೆ ಕತ್ತರಿಸಬೇಡಿ. ಸಲೈನಿನಿಂದ ಒದ್ದೆ ಮಾಡಿ, ಒದ್ದೆ ಗಾಜ್ ಬಟ್ಟೆಯಿಂದ ಮೆಲ್ಲಗೆ ಅದರ ಜಾಗಕ್ಕೆ ಹರಡಿ, ಮೇಲೆ ಸಿಲಿಕೋನ್ ಡ್ರೆಸ್ಸಿಂಗ್ ಇಡಿ. ಚರ್ಮದ ಚೂರು ಯಾವ ಕಡೆಯಿಂದ ಎದ್ದಿದೆ ಅಂತ ನೋಡಿ, ಅದು ಮತ್ತೆ ಏಳದ ದಿಕ್ಕಿಗೆ ಡ್ರೆಸ್ಸಿಂಗಿನ ಮೇಲೆ ಪೆನ್ನಿನಿಂದ ಬಾಣದ ಗುರುತು ಹಾಕಿ. ಮುಂದಿನ ಸಲ ತೆಗೆಯುವವರು ಆ ದಿಕ್ಕಿಗೇ ತೆಗೆಯಲಿ. ಹಾಕಿದ ಮೇಲೆ ದಿನಾ ಬಿಚ್ಚಿ ನೋಡಬೇಡಿ.

ಇನ್ನು ಯಾವ ಪ್ಲಾಸ್ಟರೇ ಆಗಲಿ, ಮೇಲಕ್ಕೆ ಎಳೆದು ಕೀಳಬಾರದು. ಒಂದು ಬೆರಳಿನಿಂದ ಪಕ್ಕದ ಚರ್ಮ ಒತ್ತಿಹಿಡಿದು, ಪ್ಲಾಸ್ಟರನ್ನು ಚರ್ಮಕ್ಕೆ ತಾಗಿಸಿಕೊಂಡೇ ಹಿಂದಕ್ಕೆ ಮಡಚುತ್ತಾ ಕೂದಲಿನ ದಿಕ್ಕಿನಲ್ಲಿ ನಿಧಾನಕ್ಕೆ ತೆಗೆಯಿರಿ. ಸುತ್ತ ಒಳ್ಳೆಯ ಚರ್ಮ ಇದ್ದರೆ ಅಂಚಿಗೆ ಸ್ವಲ್ಪ ತೆಂಗಿನೆಣ್ಣೆ ಬಿಟ್ಟು ಕಾದರೆ ಅಂಟು ಸಡಿಲಾಗುತ್ತದೆ.

ಮೂಡುಬಿದಿರೆ:
ಗಾಯಕ್ಕೆ ಗಾಳಿ ಆಡಲಿ, ಒಣಗಿ ಚಕ್ಕೆ ಕಟ್ಟಲಿ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ಮುಚ್ಚಿಟ್ಟರೆ ಕೊಳೆಯುವುದಿಲ್ಲವಾ?

ಸುರತ್ಕಲ್ ಮೇಷ್ಟ್ರು:
1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಮೇಲೆ ಇದನ್ನೇ ಪರೀಕ್ಷೆ ಮಾಡಿದರು. ಕೆಲವು ಗಾಯಗಳನ್ನು ಗಾಳಿಗೆ ಬಿಟ್ಟರು, ಕೆಲವನ್ನು ತೆಳು ಪ್ಲಾಸ್ಟಿಕ್ ಪೊರೆಯಿಂದ ಮುಚ್ಚಿದರು. ಮುಚ್ಚಿದ ಗಾಯಗಳಲ್ಲಿ ಹೊಸ ಚರ್ಮ ಸುಮಾರು ಎರಡು ಪಟ್ಟು ವೇಗದಲ್ಲಿ ಬೆಳೆಯಿತು. ಚಕ್ಕೆ ಕಟ್ಟಿದರೆ ಹೊಸ ಕೋಶಗಳು ಅದರ ಅಡಿಯಲ್ಲಿ ದಾರಿ ಕೊರೆದುಕೊಂಡು ಹೋಗಬೇಕು. ತೇವ ಇದ್ದರೆ ಮೇಲಿನಿಂದಲೇ ಸರಾಗ ಹರಿದು ಹೋಗುತ್ತವೆ. ಹೈಡ್ರೋಕೊಲಾಯ್ಡ್, ಸಿಲಿಕೋನ್ ಫೋಮ್ ಎಲ್ಲ ಹುಟ್ಟಿದ್ದು ಈ ತಿಳುವಳಿಕೆಯಿಂದಲೇ. ಹದವಾದ ತೇವ ಬೇರೆ, ಮಳೆಯಲ್ಲಿ ನೆನೆದು ಪಿಚಪಿಚ ಆಗುವುದು ಬೇರೆ. ಕೀವು ಇರುವ ಗಾಯಕ್ಕೆ ಈ ಮಾತು ಅನ್ವಯಿಸುವುದಿಲ್ಲ.

ಪಡುಬಿದ್ರಿ:
ಯಾರೋ ಫೈಬ್ರಿನ್ ಗ್ಲೂ ಅಂದಿದ್ದರು. ಮಾವನಿಗೆ ಕಣ್ಣಿನ ಮಾಂಸ ಬೆಳೆದದ್ದು ತೆಗೆದಾಗ ಅದನ್ನೇ ಹಾಕಿದ್ದು ಅಂತ ನೆನಪು. ಚರ್ಮಕ್ಕೂ ಬರುತ್ತದಾ?

ಸುರತ್ಕಲ್ ಮೇಷ್ಟ್ರು:
ಬರುತ್ತದೆ, ಆದರೆ ಬೋಟಿನ ಪೆಟ್ಟಿಗೆಗಲ್ಲ. ನಮ್ಮ ರಕ್ತ ಹೆಪ್ಪುಗಟ್ಟುವ ಕೊನೆಯ ಹಂತವನ್ನೇ ಎರಡು ಸಿರಿಂಜಿನಲ್ಲಿ ತುಂಬಿಸಿದ ಹಾಗೆ ಅದು. ಒಂದರಲ್ಲಿ ಫೈಬ್ರಿನೋಜೆನ್, ಇನ್ನೊಂದರಲ್ಲಿ ಥ್ರಾಂಬಿನ್. ಎರಡೂ ಸೇರಿದ ಕೂಡಲೇ ಹೆಪ್ಪಿನ ಜಾಲ ಕಟ್ಟುತ್ತದೆ. ದಾನಿಗಳ ಪ್ಲಾಸ್ಮಾದಿಂದ ಮಾಡುವುದರಿಂದ ದುಬಾರಿ. ಸಯನೋಅಕ್ರಿಲೇಟ್‌ನ ಮುಂದೆ ಇದರ ಬಲ ಏನೂ ಅಲ್ಲ. ಇದರ ಹಿರಿಮೆ ಬೇರೆ ಕಡೆ ಇದೆ. ಒದ್ದೆ ಮಾಂಸದ ಮೇಲೆ ಹಿಡಿಯುತ್ತದೆ, ಮೆತ್ತಗಿರುತ್ತದೆ, ಕೆಲವು ವಾರಗಳೊಳಗೆ ದೇಹವೇ ಅದನ್ನು ಕರಗಿಸಿಕೊಳ್ಳುತ್ತದೆ. ಸುಟ್ಟ ಗಾಯಕ್ಕೆ ತೊಡೆಯ ಚರ್ಮ ತೆಗೆದು ಕಸಿ ಮಾಡುತ್ತಾರಲ್ಲ, ಆಗ ಆ ಚರ್ಮದ ಹಾಳೆಯನ್ನು ಅಡಿಯ ಮಾಂಸಕ್ಕೆ ಕೂರಿಸಲು ಇದು ಹೇಳಿ ಮಾಡಿಸಿದ್ದು. ಅಲ್ಲಿ ಗಟ್ಟಿ ಪ್ಲಾಸ್ಟಿಕ್ ಪೊರೆ ಹಾಕಿದರೆ ಕಸಿಗೆ ರಕ್ತನಾಳ ಬೆಳೆಯಲಾಗದೆ ಅದು ಸಾಯುತ್ತದೆ. ನಿಮ್ಮ ಮಾವನ ಕಣ್ಣಿನಲ್ಲೂ ಹಾಗೆಯೇ, ಕಸಿ ಮಾಡಿದ ಪೊರೆಯನ್ನು ಕೂರಿಸಲು ಹಾಕಿರುತ್ತಾರೆ. ಬಿಸಿಲಿನಲ್ಲಿ ದುಡಿಯುವ ನಮ್ಮ ಮೀನುಗಾರರಿಗೆ ಆ ತೊಂದರೆ ಬರುವ ಸಂಭವ ಜಾಸ್ತಿ. ತಂಪು ಕನ್ನಡಕವನ್ನೂ ಬೋಟಿಗೆ ಹಾಕಿಕೊಡಿ.

ಕಾಪು ಕಡಲು:
ಸರಿ, ಅಂಗಡಿಯ ಗಮ್ ಬೇಡ, ಒಪ್ಪಿದೆ. ಆದರೆ ಮೇಷ್ಟ್ರೇ, ನೀರು ತಾಗಿದರೆ ಗಟ್ಟಿಯಾಗುವ ಗಮ್ ಒದ್ದೆ ಗಾಯದಲ್ಲಿ ಯಾಕೆ ನಿಲ್ಲುವುದಿಲ್ಲ? ಮತ್ತೆ ನಮ್ಮ ಕಾಪುವಿನ ಬಂಡೆಗೆ ಅಂಟಿದ ಪಚ್ಚಿಲೆ ಚಿಪ್ಪು ಕೀಳಬೇಕಾದರೆ ಕಬ್ಬಿಣ ಬೇಕು. ತೆರೆ ಹೊಡೆದರೂ ಅಲ್ಲಾಡುವುದಿಲ್ಲ. ಅದರ ಅಂಟನ್ನು ಯಾರೂ ಗಾಯಕ್ಕೆ ತಂದಿಲ್ಲವಾ?

ಸುರತ್ಕಲ್ ಮೇಷ್ಟ್ರು:
ಎಂಥ ಒಳ್ಳೆಯ ಪ್ರಶ್ನೆ! ಮೊದಲನೆಯದಕ್ಕೆ ಉತ್ತರ ಸುಲಭ. ಗಮ್ ಗಟ್ಟಿಯಾಗಲು ಚರ್ಮದ ಮೇಲಿನ ಕಣ್ಣಿಗೆ ಕಾಣದಷ್ಟು ಪಸೆ ಸಾಕು. ರಕ್ತವೋ ನೀರೋ ನಿಂತಿದ್ದರೆ ಗಮ್ ಅದರ ಮೇಲೇ ಗಟ್ಟಿಯಾಗಿಬಿಡುತ್ತದೆ, ಚರ್ಮವನ್ನು ಮುಟ್ಟುವುದೇ ಇಲ್ಲ. ಆಮೇಲೆ ಹಪ್ಪಳದ ಹಾಗೆ ಎದ್ದು ಬರುತ್ತದೆ.

ಪಚ್ಚಿಲೆಯ ಅಂಟಿನ ಹಿಂದೆ ವಿಜ್ಞಾನಿಗಳು ಬಿದ್ದು ದಶಕಗಳೇ ಆಗಿವೆ. ಪಚ್ಚಿಲೆ ತನ್ನ ಪಾದದಿಂದ ಗಡ್ಡದಂಥ ಎಳೆ ಬಿಟ್ಟು ಬಂಡೆಗೆ ಹಿಡಿಯುತ್ತದೆ. ಸಾರಿಗೆ ಹಾಕುವ ಮೊದಲು ನಾವು ಎಳೆದು ಬಿಸಾಡುವ ಗಡ್ಡ ಅದೇ. ಆ ಎಳೆಯ ತುದಿಯಲ್ಲಿ ಅಂಟಿನ ಬಿಲ್ಲೆ ಇರುತ್ತದೆ. ಹರ್ಬರ್ಟ್ ವೇಟ್ ಎಂಬ ವಿಜ್ಞಾನಿ 1980ರ ದಶಕದ ಆರಂಭದಲ್ಲಿ ಆ ಅಂಟಿನ ಪ್ರೋಟೀನಿನಲ್ಲಿ ಡೋಪಾ ಎಂಬ ಅಮೈನೋ ಆಮ್ಲ ತುಂಬಿರುವುದನ್ನು ತೋರಿಸಿದರು. ಅದು ನೀರಿನ ಪದರವನ್ನು ಸರಿಸಿ ಬಂಡೆಯನ್ನೇ ಹಿಡಿಯುತ್ತದೆ. ಗಮ್ಮಿಗೆ ಆಗದ ಕೆಲಸ ಅದು. ಆ ರಾಸಾಯನಿಕ ಗುಂಪನ್ನು ಬೇರೆ ಬೇರೆ ಜೆಲ್‌ಗಳಿಗೆ ಜೋಡಿಸಿ ಗಾಯದ ಅಂಟು ಮಾಡುವ ಕೆಲಸ ತುಂಬಾ ಲ್ಯಾಬುಗಳಲ್ಲಿ ನಡೆದಿದೆ.

ಇನ್ನೂ ಇವೆ. 2017ರಲ್ಲಿ ಹಾರ್ವರ್ಡ್‌ನವರು ಚಿಪ್ಪಿಲ್ಲದ ಬಸವನಹುಳದ ಲೋಳೆಯಿಂದ ಕಲಿತು, ರಕ್ತ ಇರುವ ಮೇಲ್ಮೈಗೂ ಹಿಡಿಯುವ, ಎಳೆದರೆ ಹಿಗ್ಗುವ ಅಂಟು ಮಾಡಿದರು. 2021ರಲ್ಲಿ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯವರು ಬೋಟಿನ ಅಡಿಗೆ ಅಂಟುವ ಬಾರ್ನಕಲ್ ಚಿಪ್ಪಿನಿಂದ ಕಲಿತರು. ಅದರ ಅಂಟಿನಲ್ಲಿ ಮೊದಲು ಎಣ್ಣೆಯಂಥ ವಸ್ತು ಹೋಗಿ ನೀರು, ಕೊಳೆ ಸರಿಸುತ್ತದೆ, ಹಿಂದೆಯೇ ಅಂಟು ಹೋಗಿ ಹಿಡಿಯುತ್ತದೆ. ಅದೇ ಕ್ರಮದಲ್ಲಿ ರಕ್ತ ನಿಲ್ಲಿಸುವ ಪೇಸ್ಟ್ ಮಾಡಿ ಪ್ರಾಣಿಗಳ ಮೇಲೆ ಪರೀಕ್ಷಿಸಿದರು. ನಮ್ಮ ದಡದ ಮಕ್ಕಳು ಇಂಥ ಕೆಲಸಕ್ಕೆ ಇಳಿಯಬೇಕು ಅಂತ ನನಗೆ ತುಂಬಾ ಆಸೆ. ಒದ್ದೆ ಕೈಯ ಕಷ್ಟ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮಲ್ಪೆ ಧಕ್ಕೆ:
ಎಲ್ಲರಿಗೂ ಮನಸಾರೆ ಧನ್ಯವಾದ. ಸ್ಟೆರಿ ಸ್ಟ್ರಿಪ್, ಬೆಂಜೊಯಿನ್, ಹೈಡ್ರೋಕೊಲಾಯ್ಡ್, ಸಲೈನ್ ಬಾಟಲಿ, ಗಾಜ್, ನೈಟ್ರೈಲ್ ಗ್ಲೌಸ್ ಇವತ್ತೇ ತಂದೆ. ಆಸ್ಪತ್ರೆಯ ಗಮ್ ಒಂದೆರಡು ಟ್ಯೂಬ್ ಇಡಲಾ ಬೇಡವಾ ಅಂತ ಇನ್ನೂ ಯೋಚನೆ. ಮತ್ತೆ ತೊರಕೆ ಮೀನಿನ ಮುಳ್ಳುಬಾಲ ಹೊಡೆದರೆ ಏನು ಮಾಡಬೇಕು? ಹೋದ ವರ್ಷ ಒಬ್ಬ ಹುಡುಗನಿಗೆ ಕಾಲಿಗೆ ಹೊಡೆದಿತ್ತು, ಪಾಪ, ನೋವಿಗೆ ಹೊರಳಾಡಿದ.

ಕ್ಯಾಶುವಾಲ್ಟಿ ಸಿಸ್ಟರ್:
ತೊರಕೆ ಹೊಡೆದ ಗಾಯಕ್ಕೆ ಅಂಟು, ಪಟ್ಟಿ ಯಾವುದೂ ಇಲ್ಲ. ಕಾಲನ್ನು ಬಿಸಿನೀರಿನಲ್ಲಿ ಮುಳುಗಿಸಿ, ತಡೆಯಲು ಆಗುವಷ್ಟು ಬಿಸಿ, 45 ಡಿಗ್ರಿ ದಾಟಬಾರದು. ಬಿಸಿಯನ್ನು ಮೊದಲು ಬೇರೆಯವರು ಕೈ ಹಾಕಿ ನೋಡಬೇಕು, ನೋವಿನಲ್ಲಿರುವವನಿಗೆ ಸುಡುವುದು ಗೊತ್ತಾಗುವುದಿಲ್ಲ. ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಇಟ್ಟರೆ ನೋವು ಇಳಿಯುತ್ತದೆ. ಮುಳ್ಳಿನ ತುಂಡು ಒಳಗೆ ಉಳಿದಿರಬಹುದು, ಹಾಗಾಗಿ ಎಕ್ಸ್‌ರೇ ಆಗಲೇಬೇಕು. ಎದೆಗೆ ಅಥವಾ ಹೊಟ್ಟೆಗೆ ಚುಚ್ಚಿ ಮುಳ್ಳು ಅಲ್ಲೇ ಇದ್ದರೆ ಕೀಳಬೇಡಿ, ಕೋಸ್ಟ್ ಗಾರ್ಡಿನ 1554ಕ್ಕೆ ತಿಳಿಸಿ ದಡಕ್ಕೆ ಹೊರಡಿ.

ಗಮ್ ಇಡುವುದಾದರೆ ಒಂದು ಷರತ್ತು. ನಿಮ್ಮ ಇಬ್ಬರು ತಾಂಡೇಲರೂ ಯಾವುದಾದರೂ ಆಸ್ಪತ್ರೆಯಲ್ಲಿ ಹಾಕುವುದನ್ನು ಕಣ್ಣಾರೆ ನೋಡಿ ಕಲಿತಿರಬೇಕು. ಮುಖ, ಹಣೆ, ಮುಂಗೈಯ ಚೂರಿ ಗಾಯಕ್ಕೆ ಮಾತ್ರ ಅಂತ ಟ್ಯೂಬಿನ ಕವರಿಗೆ ಕನ್ನಡದಲ್ಲಿ ಬರೆದು ಅಂಟಿಸಿ. ಬೆರಳು ಮರಗಟ್ಟಿದ್ದರೆ, ಮಡಚಲು ಆಗದಿದ್ದರೆ, ರಕ್ತ ಚಿಮ್ಮುತ್ತಿದ್ದರೆ ಆ ಗಮ್ ಹಾಕಲೇಬಾರದು. ಕಣ್ಣಿಗೆ ಹತ್ತಿರದ ಗಾಯಕ್ಕೆ ಅಲ್ಲಾಡುವ ಬೋಟಿನಲ್ಲಿ ಖಂಡಿತ ಬೇಡ.

ಮಲ್ಪೆ ಧಕ್ಕೆ:
ಆಯ್ತು ಸಿಸ್ಟರ್, ಇಬ್ಬರನ್ನೂ ಕರೆದುಕೊಂಡು ಹೋಗುತ್ತೇನೆ. ಪೆಟ್ಟಿಗೆ ಎಲ್ಲಿಡಬೇಕು? ಈಗ ಇರುವುದು ಇಂಜಿನ್ ಕೋಣೆಯ ಬಾಗಿಲ ಪಕ್ಕ, ಎಲ್ಲರ ಕೈಗೂ ಸಿಗಲಿ ಅಂತ.

ಕ್ಯಾಶುವಾಲ್ಟಿ ಸಿಸ್ಟರ್:
ಅಲ್ಲಿ ಬೇಡ. ಗಮ್ 30 ಡಿಗ್ರಿಗಿಂತ ಕೆಳಗೆ ಇರಬೇಕು, ಬಿಸಿಗೆ ಟ್ಯೂಬಿನೊಳಗೇ ಗಟ್ಟಿಯಾಗುತ್ತದೆ. ಪಟ್ಟಿಗಳ ಅಂಟೂ ಬಿಸಿಗೆ ಕರಗಿ ಕವರಿಗೆ ಹಿಡಿಯುತ್ತದೆ. ವೀಲ್‌ಹೌಸಿನಲ್ಲಿ ನೆರಳಿನ ಕಡೆ, ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಿ. ಗಮ್ಮಿನ ಟ್ಯೂಬ್ ಒಮ್ಮೆ ಒಡೆದರೆ ಒಬ್ಬರಿಗೆ ಮಾತ್ರ, ಉಳಿದದ್ದು ಬಿಸಾಡಿ. ಪ್ರತಿ ಟ್ರಿಪ್ಪಿಗೆ ಐಸ್ ತುಂಬಿಸುವ ದಿನವೇ ಡಬ್ಬಿಯನ್ನೂ ತೆರೆದು ನೋಡಿ, ಒದ್ದೆಯಾದ ಪ್ಯಾಕೆಟ್ ಬದಲಿಸಿ.